ಸಂತರ ಹಲ್ಲು ಕಾಯುವವರು

ಹಲ್ಲಿನ ಡಾಕ್ಟರ ಬಳಿ ಸರದಿಗಾಗಿ ಕೂತಿದ್ದೆ. ಪಕ್ಕದ ಬೆಂಚಿನಲ್ಲಿ ಕೆನ್ನೆ ಊದಿಕೊಂಡಿದ್ದ ಮುದುಕರೊಬ್ಬರು, ಜೊತೆಗೆ ಮಗಳು.

“ತಲೆತಲಾಂತರದಿಂದ ಪೆಟ್ಟಿಗೇಲಿಟ್ಟು ಸಂತರ ಹಲ್ಲು ಕಾದ್ವಿ. ನಮ್ಮ ಹಲ್ಲು ಕಾಯೋಕೆ ಅವರು ಬರಲೇ ಇಲ್ಲ ನೋಡು.”

“ಸರಿಯಾಗಿ ಹಲ್ಲುಜ್ಜಿ ಅಂದ್ರೆ ನೀವು ಕೇಳಿದ್ರಾ? ಅವರನ್ನ್ಯಾಕೆ ಬೈತೀರಿ?”

“ದಂತಪಾಲಕನ ಹತ್ರ ಹೀಗಾ ಮಾತಾಡೋದು?”

“ಆ ಬಿರುದು ಅಣ್ಣನಿಗೆ ಕೊಡ್ತೀರಂತೆ?”

“ಹಿರಿಮಗನಿಗೇ ಹೋಗೋದು. ಮುತ್ತಾತನ ಕಾಲದಿಂದ ಹಾಗೇ.”

“ಆ ಹಲ್ಲು ನೋಡಿದ್ರೆ ಅವನಿಗೆ ವಾಕರಿಕೆ ಬರುತ್ತಂತೆ ಅಪ್ಪಾ.”

“ಮದುವೆಯಾದ್ರೆ ಸರಿಹೋಗ್ತಾನೆ.”

“ಅವನ ಮಗಳಿಗೇ ಈಗ ಮದುವೆ ವಯಸ್ಸು.”

ಮುದುಕರು ಕೆನ್ನೆ ಒತ್ತಿ ಹಿಡಿದರು. ಮಗಳು ಬಿಡಲಿಲ್ಲ.

“ಹೋದ ವರ್ಷ ಮನೆಗೆ ಕಳ್ಳ ನುಗ್ಗಿದಾಗ ಸಂತರ ಹಲ್ಲಿನ ಪೆಟ್ಟಿಗೆ ಅಪ್ಪಿಕೊಂಡು ಕೂತಿದ್ದು ಯಾರು?”

“ನೀನು.”

“ಅಣ್ಣ?”

“ಮಂಚದ ಕೆಳಗಿದ್ದ.”

“ನೀವು?”

“ಅವನ ಪಕ್ಕದಲ್ಲಿದ್ದೆ. ಮೆಲ್ಲಗೆ ಮಾತಾಡು, ಜನ ಇದ್ದಾರೆ.”

ನಾನು ಗೋಡೆ ನೋಡಿದೆ.

ಒಳಗಿನಿಂದ ನರ್ಸ್ ಕರೆದಳು. ಮುದುಕರು ಎದ್ದು, ಕೊರಳಿನ ದಾರ ತೆಗೆದು, ಅದರ ಸಮೇತ ಪೆಟ್ಟಿಗೆಯ ಬೀಗದ ಕೈಯನ್ನು ಮಗಳ ಅಂಗೈಯಲ್ಲಿಟ್ಟರು.

“ಒಳಗೆ ಬಾಯಿ ತೆರೆದುಕೊಂಡೇ ಇರಬೇಕು, ಮಾತಾಡೋಕಾಗಲ್ಲ. ಅದಕ್ಕೇ ಈಗಲೇ ಹೇಳ್ತೀನಿ. ಇನ್ಮೇಲೆ ನೀನೇ ದಂತಪಾಲಕಿ.”

ಮಗಳು ದಾರವನ್ನು ಕೊರಳಿಗೆ ಹಾಕಿಕೊಂಡು ಅಪ್ಪನ ತೋಳು ಹಿಡಿದಳು.

“ಹೆದರಬೇಡಿ, ನಾನಿದ್ದೀನಿ,” ಅಂದಳು.

ಇಬ್ಬರೂ ಒಳಗೆ ಹೋದರು.