ಹಾಜರಿ ಪುಸ್ತಕದಲ್ಲಿಲ್ಲದ ಹೆಸರು

ಜೆರಾಕ್ಸ್ ಅಂಗಡಿಯ ಸಾಲಿನಲ್ಲಿ ನನ್ನ ಹಿಂದೆ ಇಬ್ಬರು ಹೆಂಗಸರಿದ್ದರು. ಸಂಬಳವಿಲ್ಲದೆ ದುಡಿದು ಯುವಕೇಂದ್ರ ನಡೆಸುವವರೆಂದು ಮಾತಿನಲ್ಲೇ ಗೊತ್ತಾಯಿತು. ಕಿರಿಯಳ ಕೈಯಲ್ಲಿ ಸರ್ಕಾರದ ಅನುದಾನದ ಆದೇಶವಿತ್ತು.

“ಅಕ್ಕಾ, ಕೇಳಿದ್ದಕ್ಕಿಂತ ಜಾಸ್ತೀನೇ ಕೊಟ್ಟಿದ್ದಾರೆ.”

“ಜೊತೆಗೊಬ್ಬ ಮೇಲ್ವಿಚಾರಕನನ್ನೂ ಕಳಿಸಿದ್ದಾರಲ್ಲ.”

“ಒಳ್ಳೆಯವರು ಅಕ್ಕಾ. ನಿನ್ನೆ ಹುಡುಗರ ಜೊತೆ ಕೇರಂ ಆಡಿದ್ರು. ಎಲ್ಲರನ್ನೂ ಹೆಸರು ಹಿಡಿದು ಕರೆದ್ರು.”

“ಯಾವ ಹೆಸರು? ಮುಂಗುಸಿ, ಕಡ್ಡಿ ಅಂತಲಾ?”

“ಇಲ್ಲ, ಪೂರ್ತಿ ಹೆಸರು. ಅಪ್ಪನ ಹೆಸರೂ ಸೇರಿಸಿ.”

“ಅಲ್ಲ ಕಣೇ, ನಮ್ಮ ಹಾಜರಿ ಪುಸ್ತಕದಲ್ಲಿರೋದು ಬರೀ ಅಡ್ಡಹೆಸರು. ಮನೆಬಿಟ್ಟು ಓಡಿಬಂದ ಮಕ್ಕಳು ಹೆದರ್ತಾರೆ ಅಂತ ನಿಜವಾದ ಹೆಸರು ನಾವೇ ಕೇಳಿಲ್ಲ.”

ಕಿರಿಯಳು ಕೈಯಲ್ಲಿದ್ದ ಆದೇಶವನ್ನು ಮತ್ತೊಮ್ಮೆ ತಿರುವಿ ನೋಡಿದಳು.

“ಈಗ ಕೇಂದ್ರದಲ್ಲಿ ಮಕ್ಕಳ ಜೊತೆ ಯಾರಿದ್ದಾರೆ?”

“ಅವರೇ. ಬೀಗದಕೈ ಕೇಳಿದ್ರು, ಕೊಟ್ಟುಬಿಟ್ಟೆ.”

ನನ್ನ ಸರದಿ ಬಂತು. ತಿರುಗಿ ನೋಡಿದರೆ ಇಬ್ಬರೂ ರಸ್ತೆಯಲ್ಲಿ ಓಡುತ್ತಿದ್ದರು.