ಕಲ್ಲೇಶಪ್ಪನ ತೋಳು

ಸಾಕಮ್ಮಾ, ಸಾಕು! ಒಂದು ಲೋಟ ಕುಡಿದಾಯ್ತಲ್ಲ, ಮತ್ತೆ ಯಾಕೆ ಬಗ್ಗಿಸ್ತೀಯ? ನನಗೇನಾಗಿದೆ, ಗುಂಡುಕಲ್ಲು ಇದ್ದ ಹಾಗಿದೀನಿ. ತೊಂದರೆ ಇರೋದು ಕಲ್ಲೇಶಪ್ಪನಿಗೆ ಅಂತ ಆಗಲೇ ಹೇಳಿದೆ. ನನ್ನ ಸ್ನೇಹಿತ. ಅರಸೀಕೆರೆಯಲ್ಲಿ ನನ್ನ ಕೊಬ್ಬರಿ ಮಂಡಿ ಪಕ್ಕದಲ್ಲೇ ಅವನ ಮಂಡಿ. ಅವನ ತೋಳಿನ ಟ್ಯಾಟೂ ವಾಸಿ ಆಗ್ತಿಲ್ಲ. ಬೇಲೂರಿಗೆ ಹೇಗೂ ಬರೋದಿತ್ತು, ಚನ್ನಕೇಶವನ ದರ್ಶನಕ್ಕೆ. ನಿನ್ನ ಟ್ಯಾಟೂ ಅಂಗಡಿ ಬೋರ್ಡು ಕಾಣಿಸ್ತು, ಕೇಳಿಕೊಂಡು ಹೋಗೋಣ ಅಂತ... ಹುಬ್ಬು ಯಾಕೆ ಏರಿಸ್ತೀಯ? ನಾವು ಶಿವಭಕ್ತರು, ನಿಜ. ಹಾಗಂತ ಕೇಶವನ ಮುಖ ನೋಡಬಾರದು ಅಂತ ಕಾನೂನಿದೆಯಾ?

ಏನಾದ್ರೂ ಮಾತಾಡಮ್ಮ ಪ್ರತಿಮಾ. ಬರೀ ನೀರು ಕೊಟ್ಟರೆ ಹೇಗೆ?

ಓಹೋ... ಗೊತ್ತಾಯ್ತು. ಅವತ್ತು ನಮ್ಮ ಮಗ ಬಸವಕುಮಾರನಿಗೆ ಹೆಣ್ಣು ನೋಡೋಕೆ ನಿಮ್ಮ ಮನೆಗೆ ಬಂದಾಗ, ಮೆಟ್ಟಿಲು ಇಳೀತಾ ನಾನು 'ಹುಡುಗಿಗೆ ಬಾಯಿ ಜಾಸ್ತಿ' ಅಂದಿದ್ದೆ. ನಿನ್ನ ಕಿವಿಗೆ ಬಿತ್ತಾ ಅದು? ಬಿತ್ತು. ಅದಕ್ಕೇ ಈ ಮೌನವ್ರತ! ಇರಲಿ, ಇರಲಿ. ಹಠ ಇರಬೇಕು.

ನೋಡು, ನಾನು ಮುಚ್ಚುಮರೆ ಇಲ್ಲದ ಮನುಷ್ಯ. ಬಾಯಿ ಅನ್ನೋದು ನೆಪ. ನಿಜವಾದ ಕಾರಣ ನಿನ್ನ ಮಣಿಕಟ್ಟಿನ ಮೇಲಿರೋ ಆ ಬಳ್ಳಿಯ ಟ್ಯಾಟೂ. ಉಪ್ಪಿಟ್ಟಿನ ತಟ್ಟೆ ನೀಡೋವಾಗ ಬಳೆ ಹಿಂದಕ್ಕೆ ಸರೀತು, ಬಳ್ಳಿ ಕಣ್ಣಿಗೆ ಬಿತ್ತು. ಸಾಲದ್ದಕ್ಕೆ ನಿಮ್ಮಪ್ಪ, 'ಇದೇ ಅವಳ ಕಸುಬು, ಬಸ್ ಸ್ಟ್ಯಾಂಡ್ ಹತ್ರ ಅಂಗಡಿ ಇದೆ' ಅಂತ ಹೆಮ್ಮೆಯಿಂದ ಹೇಳಿದರು. ಎದ್ದುಬಿಟ್ಟೆ. ಬೀದಿಗೆ ಬಂದ ಮೇಲೆ ನಮ್ಮೋರ ಹತ್ರ, 'ಮೈಮೇಲೆ ಹಚ್ಚೆ ಇರೋರು ನಮ್ಮ ಮನೆ ಹೊಸ್ತಿಲು ದಾಟೋ ಹಾಗಿಲ್ಲ' ಅಂದೆ. ಅಂದಿಲ್ಲ ಅನ್ನಲ್ಲ. ನಮ್ಮ ಮನೆಯವಳು ಸುಮಿತ್ರ ದಾರಿಯುದ್ದಕ್ಕೂ, 'ನಿಮ್ಮ ಅಜ್ಜಿ ಕೈ ತುಂಬ ಹಚ್ಚೆ ಇತ್ತಲ್ಲ, ಅವರನ್ನ ಹಿತ್ತಿಲಲ್ಲಿ ಇಟ್ಟಿದ್ದಿರಾ?' ಅಂತ ಕೇಳಿದಳು. ಅದು ಹಳೇದು, ಮಾಸಿ ಹೋಗಿತ್ತು ಅಂದೆ. ಸಿದ್ಧಾಂತ ಅಂದ್ರೆ ಸಿದ್ಧಾಂತ. ಹುಡುಗ ಅವತ್ತಿಂದ ನನ್ನ ಹತ್ರ ಮಾತು ಬಿಟ್ಟಿದಾನೆ. ಅಲ್ಲಿ ಅವನು, ಇಲ್ಲಿ ನೀನು. ಒಳ್ಳೇ ಜೋಡಿ!

ಅದನ್ನ ಬಿಡು. ಕಲ್ಲೇಶಪ್ಪನ ವಿಷಯಕ್ಕೆ ಬರೋಣ.

ಪಾಪ, ಅವನು ಸ್ಟೇಷನ್ ರಸ್ತೆಯ ಟ್ಯಾಟೂ ಅಂಗಡಿಗೆ ಹೋಗಿದ್ದು ಹಾಕಿಸ್ಕೊಳ್ಳೋಕಲ್ಲ. ಈ ಕಸುಬಿನೋರು ಎಂಥವರು, ಅವರ ನಡೆನುಡಿ ಹೇಗೆ ಅಂತ ವಿಚಾರಿಸೋಕೆ. ಅವನಿಗ್ಯಾಕೆ ಆ ವಿಚಾರಣೆ ಅಂತೀಯಾ? ಅವನಿಗೂ... ಅವನಿಗೂ ಒಬ್ಬ ಮಗ ಇದಾನೆ. ಆ ಅಂಗಡಿಯವನು ಕುರ್ಚಿ ಎಳೆದು ಕೂರಿಸಿ, ತೋಳು ಹಿಡಿದು, 'ಸಾರ್, ಇದು ಹುಡುಗರ ಚರ್ಮ ಸಾರ್. ಇಂಥ ತೋಳು ಖಾಲಿ ಬಿಡೋದು ಪಾಪ' ಅಂದನಂತೆ. ಕಿಸಕ್ ಅಂತ ನಗಬೇಡ! 'ನಿಮ್ಮ ತೋಟದ ಕೊಬ್ಬರಿ ಥರ ಇನ್ನೊಂದಿಲ್ಲ' ಅಂತ ರೈತರನ್ನ ಹೊಗಳಿ ಕೂರಿಸೋರು ನಾವು. ಆ ಮಾತನ್ನ ನಮಗೇ ತಿರುಗಿಸಿಬಿಟ್ಟ. ನಮಗೆ ಅಂದ್ರೆ, ಕಲ್ಲೇಶಪ್ಪನಿಗೆ.

ಏನು ಹಾಕಿಸ್ಕೊಂಡ? ನಂದಿ. ಬಸವಣ್ಣ. ಪವಿತ್ರವಾದದ್ದೇ.

ತಪ್ಪಾಗಿದ್ದು ಆಮೇಲೆ. ಅಂಗಡಿಯವನು ಸರಿಯಾಗೇ ಹೇಳಿ ಕಳಿಸಿದ್ದ. ಸೋಪು ಹಾಕಿ ಮೆಲ್ಲಗೆ ತೊಳೀರಿ, ತೆಳ್ಳಗೆ ಮುಲಾಮು ಹಚ್ಚಿ, ಬಿಸಿಲಿಗೆ ಒಡ್ಡಬೇಡಿ, ಕೆರೀಬೇಡಿ, ನೀರು ಚೆನ್ನಾಗಿ ಕುಡೀರಿ ಅಂತ. ಕಲ್ಲೇಶಪ್ಪ ಕೇಳ್ತಾನಾ? ನಮ್ಮ ಕಡೆಯೋರ ತಲೆ ಹೇಗೆ ಓಡುತ್ತೆ ಅಂತ ನಿನಗೆ ಗೊತ್ತಿಲ್ಲ. ತೆಂಗಿನಕಾಯಿ ಕಿತ್ತು ಅಟ್ಟಕ್ಕೆ ಹಾಕಿದ್ರೆ, ಹೆಚ್ಚುಕಡಿಮೆ ವರ್ಷ ಪೂರ್ತಿ ಅದನ್ನ ಮುಟ್ಟಲ್ಲ. ಕೆಳಗೆ ಹೊಗೆ, ಮೇಲೆ ಹೆಂಚಿನ ಕಾವು. ಕಿವಿ ಹತ್ರ ಹಿಡಿದು ಅಲ್ಲಾಡಿಸ್ತೀವಿ. ಒಳಗೆ ನೀರು ಆಡಿದ್ರೆ ಇನ್ನೂ ಆಗಿಲ್ಲ. ಕಟಕಟ ಅಂತ ಉಂಡೆ ಬಡಿದ್ರೆ ಕೊಬ್ಬರಿ ಆಯ್ತು. ನೀರು ಇರೋದು ಕೆಡುತ್ತೆ, ಒಣಗಿದ್ದು ಉಳಿಯುತ್ತೆ. ತಾತ ಮುತ್ತಾತನ ಕಾಲದಿಂದ ನಮ್ಮ ಅನ್ನ ಇದೇ. ಇಂಥೋನಿಗೆ ಗಾಯ ಆದಾಗ ನೀರು ಕುಡಿ ಅಂದ್ರೆ ಹೇಗಮ್ಮ ನಂಬ್ತಾನೆ?

ಅದಕ್ಕೇ ನೀರು ಕುಡಿಯೋದನ್ನ ಬಿಟ್ಟ. ಒಳಗಿಂದ ತೇವ ಬಂದು ಬಣ್ಣ ಕದಡುತ್ತೆ ಅಂತ ಅವನ ಲೆಕ್ಕ. ಬಾಯಿ ಒಣಗಿದಾಗ ಬರೀ ಕಾಫಿ. ಮಧ್ಯಾಹ್ನ ಮಂಡಿ ಮುಂದೆ ತೋಳು ಚಾಚಿಕೊಂಡು ಬಿಸಿಲು ಕಾಯಿಸಿದ. ಅದೂ ಸಾಲದು ಅಂತ ವಿಭೂತಿ ತೇದು ದಪ್ಪಗೆ ಮೆತ್ತಿದ. ಯಾಕಮ್ಮ ತಲೆ ಚಚ್ಚಿಕೊಳ್ತೀಯ? ಒಳ್ಳೇ ಉದ್ದೇಶದಿಂದ ಮಾಡಿದ್ದು!

ಒಣಗಿತು, ಚೆನ್ನಾಗೇ ಒಣಗಿತು. ಬೇಸಿಗೆಯಲ್ಲಿ ಕೆರೆ ಅಂಗಳ ಬಿರುಕು ಬಿಟ್ಟ ಹಾಗೆ. ಚಕ್ಕೆ ಎದ್ದಿದೆ, ಅಲ್ಲಲ್ಲಿ ಬಣ್ಣವೂ ಜೊತೆಗೇ ಎದ್ದು ಬಂದಿದೆ. ನವೆ ಅಂದ್ರೆ ನವೆ! ಗೋಡೌನಿನ ಕಂಬಕ್ಕೆ ಎಮ್ಮೆ ಥರ ಉಜ್ಜಿಕೊಳ್ತಾನೆ ಅನ್ನೋ ಸುದ್ದಿ ಇದೆ.

ಜ್ವರ? ಇಲ್ಲ. ಕೀವು? ಅದೂ ಇಲ್ಲ. ನಿನ್ನ ಗೋಡೆ ಮೇಲೆ ಬರೆದಿರೋದನ್ನ ನಾನೇ ಓದಿಕೊಂಡೆ, ಬೆರಳು ತೋರಿಸಬೇಡ. 'ಜ್ವರ, ಕೀವು, ಹೆಚ್ಚಾಗುವ ಕೆಂಪು ಇದ್ದರೆ ಡಾಕ್ಟರ ಬಳಿ ಹೋಗಿ. ನೀರು ಚೆನ್ನಾಗಿ ಕುಡಿಯಿರಿ. ಆದರೆ ನೀರೊಂದೇ ಮದ್ದಲ್ಲ, ಗಾಯದ ಆರೈಕೆಯೂ ಬೇಕು.' ಇಷ್ಟು ನಿಯತ್ತಾಗಿ ಯಾರಮ್ಮ ಬೋರ್ಡು ಬರೆಸ್ತಾರೆ? ವ್ಯಾಪಾರ ಕಲೀಬೇಕು ನೀನು.

ಒಂದು ಅನುಮಾನ. ನೀರು ಹೋಗೋದು ಹೊಟ್ಟೆಗೆ, ಗಾಯ ಇರೋದು ತೋಳಿನ ಮೇಲೆ. ಎಲ್ಲಿಂದೆಲ್ಲಿಗೆ ಸಂಬಂಧ ಅಂತ ಬಸ್ಸಿನಲ್ಲಿ ಯೋಚಿಸ್ತಾ ಬಂದೆ. ಜಾವಗಲ್ ದಾಟಿದ ಮೇಲೆ ನನಗೇ ಹೊಳೀತು. ತೆಂಗಿನ ಮರಕ್ಕೆ ನೀರು ಕಡಿಮೆ ಆದ್ರೆ ಮೊದಲು ಬಾಡೋದು ಬೇರಲ್ಲ, ಗರಿಯ ತುದಿ. ಮೈಗೂ ಹಾಗೇ ಅಲ್ವಾ? ಇರೋ ನೀರನ್ನ ಮೊದಲು ಒಳಗಿನ ದೊಡ್ಡ ಮನುಷ್ಯರು ಹಂಚಿಕೊಳ್ತಾರೆ. ಚರ್ಮ ಬಾಗಿಲಲ್ಲಿ ನಿಂತ ನೆಂಟ, ಕೊನೇ ಪಂಕ್ತಿ. ಅವನಿಗೇ ಸಿಗದಿದ್ರೆ ಹೊಸ ಚರ್ಮ ಹುಟ್ಟಿಸು ಅಂದ್ರೆ ಎಲ್ಲಿಂದ ಹುಟ್ಟಿಸ್ತಾನೆ? ತಲೆ ಆಡಿಸ್ತಿದೀಯ! ಸರಿ ಅಂದ್ಯಾ? ನೋಡು, ನಾನೂ ದಡ್ಡ ಅಲ್ಲ. ಕಲ್ಲೇಶಪ್ಪ ದಡ್ಡ.

ಅದೇನು ಹೊರಗೆ ತೆಗೀತಿದೀಯ? ಎಳನೀರಾ? ಬೇಡ ತಾಯಿ, ಅದೊಂದು ಬೇಡ. ನಮ್ಮ ತೋಟದಲ್ಲಿ ಎಳನೀರು ಇಳಿಸೋದು ಅಂದ್ರೆ ತೊಟ್ಟಿಲ ಮಗುವನ್ನ ಕೂಲಿಗೆ ಕಳಿಸಿದ ಹಾಗೆ. ಬಂದ ನೆಂಟರಿಗೂ ಕೊಟ್ಟಿಲ್ಲ. ಕೊಬ್ಬರಿ ಆಗಬೇಕಾದ್ದನ್ನ ಯಾರಾದ್ರೂ ಕುಡೀತಾರಾ? ನೀರೇ ಕೊಡು.

ಮುಲಾಮು ಇದೇನಾ? ತೆಳ್ಳಗೆ ಹಚ್ಚಬೇಕು, ಸರಿ. ಎಲ್ಲಿ ಅಂತೀಯಾ? ತೋಳಿಗಮ್ಮ. ಯಾವ ತೋಳು? ಇದೇ, ಎಡದ... ಅಯ್ಯಯ್ಯೋ! ಹ್ಞಾ... ಏನಿಲ್ಲ. ಸುಮ್ಮನೆ ಮುಟ್ಟಿಕೊಂಡೆ.

...

ಹಾಗೆ ನೋಡಬೇಡ.

...

ಸರಿ. ಕಲ್ಲೇಶಪ್ಪ ನಿನ್ನ ಮುಂದೇ ಕೂತಿದಾನೆ.

ಬಾಗಿಲು ಸ್ವಲ್ಪ ಮುಂದಕ್ಕೆ ಹಾಕು, ಅಂಗಿ ತೋಳು ಮಡಿಸ್ತೀನಿ. ಇದು ನಂದಿ ಅಲ್ಲ ಅಂತ ನನಗೂ ಗೊತ್ತು. ಕನ್ನಡಿ ಹಿಡಿದ ಮದನಿಕೆ. ನಿಮ್ಮೂರ ದೇವಸ್ಥಾನದ್ದೇ. ಆ ಸ್ಟೇಷನ್ ರಸ್ತೆಯವನ ಗೋಡೆ ಮೇಲೆ ಚಿತ್ರ ಇತ್ತು, ಬಾಯಿ ತಪ್ಪಿ 'ಅದೇ ಇರಲಿ' ಅಂದುಬಿಟ್ಟೆ. ಶಿಲ್ಪಕಲೆ ಕಣಮ್ಮ, ಶಿಲ್ಪಕಲೆ! ಕನ್ನಡಿ ಎಲ್ಲಿ ಅಂತ ಹುಡುಕಬೇಡ, ಚಕ್ಕೆ ಜೊತೆ ಹೋಯ್ತು. ಮೂಗು ನಿನ್ನೆ ಹೋಯ್ತು. ಹಾಕಿಸ್ಕೊಂಡಾಗ ಬೇಲೂರು, ಈಗ ಹಳೇಬೀಡು.

ನಗು, ನಗು. ಬಾಯಿ ಮುಚ್ಚಿಕೊಂಡು ಇಷ್ಟು ನಗೋರನ್ನ ನಾನು ಕಂಡಿಲ್ಲ.

ಗಾಯ ವಾಸಿ ಆದ ಮೇಲೆ ಮತ್ತೆ ತಿದ್ದಬಹುದಾ? ಆಗುತ್ತಾ? ಬದುಕಿದೆ. ಇಷ್ಟಕ್ಕೇ ಬಂದಿದ್ದು. ಇನ್ನೇನೂ ಇಲ್ಲ, ನಿಜವಾಗ್ಲೂ. ಮನೇಲಿ ಎಲ್ಲಾ ಚೆನ್ನಾಗಿದಾರೆ. ಸುಮಿತ್ರ ಬಹಳ ಸಮಾಧಾನವಾಗಿ ತಗೊಂಡ್ಲು. ಬೈಯಲಿಲ್ಲ, ಏನಿಲ್ಲ. ಹೊರಡ್ತೀನಿ, ಮೂರೂವರೆ ಬಸ್ಸು...

ಕಾಲರಿನ ಹಿಂದೆ ಏನಮ್ಮ ತೆಗೀತಿದೀಯ? ಹುಳಾನಾ?

...ನಾರು. ತೆಂಗಿನ ನಾರು. ಅದು... ಮಂಡಿಯಲ್ಲಿ ಕೂತಿರ್ತೀನಲ್ಲ, ಅಂಟಿಕೊಂಡಿರುತ್ತೆ.

ಇನ್ನೊಂದಾ? ತಲೆಯಲ್ಲೂ?

...

ಎಲ್ಲಾನೂ ಹೀಗೆ ಮೇಜಿನ ಮೇಲೆ ಸಾಲಾಗಿ ಇಡ್ತಾ ಹೋದ್ರೆ ನಾನೇನಮ್ಮ ಹೇಳಲಿ? ಒಂದು ಮಾತಾದ್ರೂ ಕೇಳು. ಬೈದ್ರೆ ತಿರುಗಿ ಬೈಬಹುದು. ಹೀಗೆ ಸುಮ್ಮನಿದ್ರೆ...

ಗೋಡೌನಿನಲ್ಲಿ ಮಲಗ್ತಿದೀನಿ. ಆಯ್ತಾ? ಕೊಬ್ಬರಿ ಮೂಟೆ ಮೇಲೆ. ಇಲಿಗಳ ಜೊತೆ. ಸುಮಿತ್ರ ಬೈಯಲಿಲ್ಲ ಅಂದೆನಲ್ಲ, ಅದು ನಿಜ. ತೋಳು ನೋಡಿದಳು. ಬಾಗಿಲಿಗೆ ಅಡ್ಡ ನಿಂತಳು. 'ಮೈಮೇಲೆ ಹಚ್ಚೆ ಇರೋರು ಈ ಹೊಸ್ತಿಲು ದಾಟೋ ಹಾಗಿಲ್ಲ, ಯಜಮಾನರ ಮಾತು' ಅಂದಳು. ಊಟದ ತಟ್ಟೆ ಮಂಡಿಗೇ ಬರ್ತಿದೆ, ಬಸವಕುಮಾರನ ಕೈಯಲ್ಲಿ. ಆ ಮಗ ಅದನ್ನ ನನ್ನ ಮುಂದಿಟ್ಟು, ನನ್ನ ತೋಳನ್ನೇ ನೋಡಿಕೊಂಡು ನಿಂತಿರ್ತಾನೆ.

ನನ್ನ ಮಾತು ಮುರಿಯೋಕೆ ಒಂದೇ ದಾರಿ ಇದೆಯಂತೆ. 'ಮೊದಲು ಆ ಹುಡುಗಿ ಬಲಗಾಲಿಟ್ಟು ದಾಟಲಿ. ಅವಳ ಹಿಂದೆ ನೀವು ಬನ್ನಿ' ಅಂತಾಳೆ ಸುಮಿತ್ರ.

ಬೇಲೂರಿಗೆ ಕೇಶವನ್ನ ನೋಡೋಕೆ ಬರಲಿಲ್ಲ ಕಣಮ್ಮ.

ಬರ್ತೀಯಾ, ತಾಯಿ? ನಿಮ್ಮಪ್ಪನ ಹತ್ರ ನಾನೇ ಬಂದು ಕೇಳ್ತೀನಿ. ಉಪ್ಪಿಟ್ಟು ಆರಿದ್ರೂ ತಿಂತೀನಿ. ಬಾಯಿ ಎಷ್ಟು ಬೇಕೋ ಅಷ್ಟು ಮಾಡು... ಸತ್ಯವಾಗ್ಲೂ, ಇದಕ್ಕಿಂತ ಅದೇ ವಾಸಿ!

ಏನು, ಮತ್ತೆ ಅದೇ ಎಳನೀರನ್ನ ಮುಂದಕ್ಕೆ ತಳ್ತಿದೀಯ?

...

ಕೊಚ್ಚಮ್ಮ. ಕೊಚ್ಚಿ ಕೊಡು. ಕುಡೀತೀನಿ. ಮದುವೆಗೆ ಬಂದೋರಿಗೆಲ್ಲ ನಮ್ಮ ತೋಟದ್ದೇ ಇಳಿಸ್ತೀನಿ, ಸಾಕಾ?

ಇದು ಮುಗಿಯೋದ್ರೊಳಗೆ ಒಂದು ಸಲ 'ಹೂಂ' ಅನ್ನು.