ಕೇಳೋದು ಅಂದರೆ

ನಗರಸಭೆಯ ಬೆಂಚಿನಲ್ಲಿ ಸರದಿಗೆ ಕಾದಿದ್ದ ಅಜ್ಜಿಗೆ ಪಕ್ಕದವರ ಮಾತಿನಿಂದ ಜಪ ತಪ್ಪಿತು. ಒಬ್ಬರು ವಿಶೇಷ ಮಕ್ಕಳ ಶಾಲೆಯ ಟೀಚರಮ್ಮ, ಇನ್ನೊಬ್ಬ ಅವರಿಗಿಂತ ಗೇಣುದ್ದ ಎತ್ತರದ, ಮೀಸೆ ಬಂದ ಶಿಷ್ಯ.

“ಸಾಹೇಬರ ಹತ್ರ ಹೋಗಿ ಏನಪ್ಪಾ ಮಾಡ್ತೀಯ?”

“ಕೇಳ್ತೀನಿ.”

“ಏನಂತ?”

“ಅವರು ಹೇಳಿದ್ದನ್ನ.”

“ಅಯ್ಯೋ ನನ್ನಪ್ಪ! ಬಸ್‌ಸ್ಟಾಪಿನ ಮೆಟ್ಟಿಲಿಗೆ ಹಿಡ್ಕೊಳ್ಳೋಕೆ ಕಂಬಿ ಬೇಕು ಅಂತ ಕೇಳೋದು! ಮೊನ್ನೆ ಬಿದ್ದೋನು ನೀನೇ ತಾನೆ?”

“ಚಿಕ್ಕೋನಿದ್ದಾಗಿಂದ ‘ಕೇಳು ಕೇಳು’ ಅಂತ ಬಾಯಿ ಮುಚ್ಚಿಸಿದ್ರಿ. ಈಗ ಕೇಳು ಅಂದ್ರೆ ಬಾಯಿ ಬಿಡು ಅಂತೀರಿ.”

“ತಪ್ಪಾಯ್ತು ಮಹಾರಾಯ. ಹೆದರಿಕೆಯಾ?”

“ಹೂಂ. ನಿಮಗೆ?”

“ನನಗೂ.”

ಜವಾನ ಕರೆದ. ಟೀಚರಮ್ಮ ಎದ್ದರು. ಅವನು ಅವರ ಹೆಗಲು ಹಿಡಿದು ಮೆಲ್ಲಗೆ ಕೂರಿಸಿದ.

“ನಾನೇ ಕೇಳ್ಕೊಂಡು ಬರ್ತೀನಿ. ಹೇಳಿದ ಮಾತು ಕೇಳಿ, ನೀವು ಇಲ್ಲೇ ಕೂತಿರಿ.”

ಬಾಗಿಲು ಮುಚ್ಚಿಕೊಂಡಿತು. ಆದರೂ ಅವನ ದನಿ ಅಜ್ಜಿಯವರೆಗೂ ಕೇಳಿಸಿತು.